ಮಾವ ಗಲ್ಲ ಕೊಟ್ಟ ದಿನಗಳು

ಕೊಟ್ಟೂರಿನ ಬಸ್ ನಿಲ್ದಾಣದಿಂದ ಪೇಟೆಯ ಕಡೆ ಹೋಗುವ ದಾರಿಯಲ್ಲಿ ನನ್ನದೊಂದು ಕಟಿಂಗ್ ಶಾಪ್ ಇತ್ತು. ಎರಡು ಕುರ್ಚಿ, ಎದುರಿಗೊಂದು ಹಿಂದಕ್ಕೊಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ನನಗೆ ಆಗ ಮೂವತ್ತೈದರ ಆಸುಪಾಸು. ಕೈ ಹಗುರ ಎಂದು ಹೆಸರಿತ್ತು. ದಾಡಿ ಮಾಡಿಸಿಕೊಳ್ಳಲು ಕುಳಿತವರು ನಿದ್ದೆ ಹೋಗುತ್ತಿದ್ದರು, ಎಬ್ಬಿಸಿ ಕಳಿಸಬೇಕಾಗುತ್ತಿತ್ತು.

ದಿನವಿಡೀ ನಿಂತು ಮಾಡುವ ಕೆಲಸ ನಮ್ಮದು. ಸಂಜೆಯಾದರೆ ಸೊಂಟ, ಭುಜ, ಮೀನಖಂಡ ಎಲ್ಲ ಹಿಡಿದುಕೊಳ್ಳುತ್ತಿದ್ದವು. ಅಂಗಡಿ ಮುಚ್ಚಿದ ಮೇಲೆ ಒಂದು ಸಾರಾಯಿ ಪಾಕೀಟು ಹಾಕಿದರೆ ನೋವು ಗೊತ್ತಾಗುತ್ತಿರಲಿಲ್ಲ. ಆಮೇಲೆ ಒಂದು ಹೋಗಿ ಎರಡಾಯಿತು. ಆಮೇಲೆ ಮಧ್ಯಾಹ್ನ ಊಟಕ್ಕೆ ಮುಂಚೆ ಇನ್ನೊಂದು ಸೇರಿತು. ಕೊನೆಗೆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಪಾಕೀಟಿನ ಮೂಲೆ ಹಲ್ಲಿನಲ್ಲಿ ಕಚ್ಚುವ ತನಕ ಬಂತು. ಇದಕ್ಕೆಲ್ಲ ಎಷ್ಟು ವರ್ಷ ಹಿಡಿಯಿತು ಎಂದು ಈಗ ಸರಿಯಾಗಿ ಹೇಳಲಾರೆ. ಕುಡಿಯುವವನಿಗೆ ಆ ಲೆಕ್ಕ ಇರುವುದಿಲ್ಲ, ಇದ್ದರೆ ಅವನ ಹೆಂಡತಿಗೆ ಇರುತ್ತದೆ.

ಮೊದಲು ಕೆಟ್ಟದ್ದು ಕೈ. ಬೆಳಿಗ್ಗೆ ಎದ್ದರೆ ಬೆರಳುಗಳು ತಾವಾಗಿಯೇ ಕುಣಿಯುತ್ತಿದ್ದವು. ಚಹಾದ ಬಟ್ಟಲು ತುಟಿಗೆ ಬರುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ ಇರುತ್ತಿತ್ತು. ಒಂದು ಪಾಕೀಟು ಹೊಟ್ಟೆಗೆ ಬಿದ್ದು ಸ್ವಲ್ಪ ಹೊತ್ತಾದರೆ ಕೈ ನಿಲ್ಲುತ್ತಿತ್ತು. ಇದು ನನಗೊಬ್ಬನಿಗೇ ಗೊತ್ತಿರುವ ಗುಟ್ಟು ಎಂದುಕೊಂಡಿದ್ದೆ. ಆದರೆ ಗಿರಾಕಿಗಳೆಲ್ಲ ನಿಧಾನಕ್ಕೆ ಹತ್ತು ಗಂಟೆಯ ಮೇಲೆಯೇ ಬರತೊಡಗಿದರು. ಒಂದು ದಿನ ಕಾಳಿನ ವ್ಯಾಪಾರಿಯೊಬ್ಬ ಬಾಗಿಲಲ್ಲೇ ನಿಂತು ಕೇಳಿದ:

“ಅಣ್ಣ, ಮುಂಜಾನಿದು ಆಗೈತೋ, ಇನ್ನೂ ಇಲ್ಲೋ?”

“ಏನದು?”

“ಪಾಕೀಟು. ಆಗಿದ್ರ ಕುಂದ್ರತೀನಿ. ಇಲ್ಲಾಂದ್ರ ಒಂದು ಸುತ್ತು ಸಂತಿ ನೋಡ್ಕಂಡು ಬರ್ತೀನಿ.”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಕುಡಿದು ಬಂದರೆ ಕೆಲಸ ಕೊಡುವುದಿಲ್ಲ ಎಂಬ ಮಾತು ಬೇರೆ ಕಸುಬುಗಳಲ್ಲಿದೆ. ನನ್ನಲ್ಲಿ ಕುಡಿಯದೆ ಇದ್ದರೆ ಗಿರಾಕಿ ಕೂರುವುದಿಲ್ಲ ಎಂಬ ಸ್ಥಿತಿ ಬಂದಿತ್ತು.

ಉಳಿದ ಅಂಗಗಳೂ ಒಂದೊಂದಾಗಿ ಕೈಯ ದಾರಿಯನ್ನೇ ಹಿಡಿದವು. ಊಟ ಸೇರುತ್ತಿರಲಿಲ್ಲ. ಹಲ್ಲುಜ್ಜುವಾಗ ಹೊಟ್ಟೆ ತೊಳೆಸಿ ಬರುತ್ತಿತ್ತು. ಅಂಗಾಲು ಕೆಂಡ ತುಳಿದಂತೆ ಉರಿಯುತ್ತಿತ್ತು. ಕಣ್ಣಿನ ಬಿಳಿ ಅರಿಶಿನ ನೀರಿನ ಬಣ್ಣಕ್ಕೆ ತಿರುಗಿತ್ತು. ಹಿಂದೆ ಮುಂದೆ ಕನ್ನಡಿ ಇಟ್ಟುಕೊಂಡು ದಿನವಿಡೀ ನಿಲ್ಲುವ ನಾನು ನನ್ನ ಮುಖ ಬಿಟ್ಟು ಎಲ್ಲರ ಮುಖ ನೋಡುತ್ತಿದ್ದೆ. ಮರೆವೂ ಸುರುವಾಗಿತ್ತು. ಒಮ್ಮೆ ಒಬ್ಬರ ಒಂದು ಕಡೆಯ ಗಲ್ಲ ಮುಗಿಸಿ, ಎಲ್ಲ ಮುಗಿಯಿತೆಂದು ಪೇಪರ್ ಓದುತ್ತ ಕೂತುಬಿಟ್ಟಿದ್ದೆ. ಆ ಪುಣ್ಯಾತ್ಮ ಅರ್ಧ ನೊರೆಯ ಮುಖ ಇಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕಾಯ್ದರು.

ನೀಲಗುಂದಕ್ಕೆ ಹೆಣ್ಣು ನೋಡಲು ಹೊರಟಿದ್ದ ಹುಡುಗನೊಬ್ಬನ ಕತೆಯನ್ನು ಮಾತ್ರ ಹೇಳಲೇಬೇಕು. ಎಡಗಡೆಯ ಕಲ್ಲಿ, ಅಂದರೆ ಕಿವಿಯ ಮುಂದಿನ ಕೂದಲು, ಸ್ವಲ್ಪ ಮೇಲೆ ಹೋಯಿತು. ಸಮ ಮಾಡಲು ಬಲಗಡೆಯದನ್ನು ಏರಿಸಿದೆ. ಅದು ಇನ್ನೂ ಮೇಲೆ ಹೋಯಿತು. ಮತ್ತೆ ಎಡಕ್ಕೆ ಬಂದೆ. ಹೀಗೆ ಮಾಡುತ್ತ ಮಾಡುತ್ತ ಎರಡೂ ಕಿವಿಯ ಮೇಲೆ ಎರಡು ಬೆರಳು ಜಾಗ ಬೋಳಾಯಿತು. ಹುಡುಗ ಕನ್ನಡಿ ನೋಡಿ ಅಳುವುದೊಂದೇ ಬಾಕಿ. ತಿಂಗಳಾದ ಮೇಲೆ ಅದೇ ಹುಡುಗ ಮದುವೆ ಕರೆಯೋಲೆ ಹಿಡಿದು ಅಂಗಡಿಗೆ ಬಂದ. “ಅವ್ರು ಇದೇನೋ ಹೊಸಾ ಸ್ಟೈಲ್ ಅಂದ್ಕಂಡ್ರಣ್ಣ” ಎಂದ. ಆದರೆ ಮದುವೆಯ ಕಟಿಂಗನ್ನು ಮಾತ್ರ ಹರಪನಹಳ್ಳಿಯಲ್ಲಿ ಮಾಡಿಸಿಕೊಂಡ.

ನನ್ನ ಹೆಂಡತಿ ಹೂವಿನಹಡಗಲಿಯವಳು, ನನ್ನ ಸೋದರಮಾವನ ಮಗಳು. ತವರೂರಿನಿಂದ ಬೆಳಗಿನ ಬಸ್ಸಿಗೆ ಮಲ್ಲಿಗೆ ತರಿಸಿ, ಕಟ್ಟಿ, ಮಾರುತ್ತಿದ್ದಳು. ಮನೆಯಲ್ಲಿ ಒಲೆ ಉರಿಯುತ್ತಿದ್ದುದು, ನಮ್ಮ ಪುಟ್ಟ ಮಗಳ ಹೊಟ್ಟೆ ತುಂಬುತ್ತಿದ್ದುದು ಅದರಿಂದಲೇ. ಅವಳು ಬೈಯುವುದನ್ನು ನಿಲ್ಲಿಸಿ ಬಹಳ ದಿನ ಆಗಿತ್ತು. ಅದನ್ನು ನಾನು ಒಳ್ಳೆಯ ಲಕ್ಷಣ ಎಂದು ತಿಳಿದಿದ್ದೆ. ಒಂದು ದಿನ ಅಂಗಡಿಯಲ್ಲಿ ಕುರ್ಚಿ ಹಿಡಿದುಕೊಂಡೇ ಕುಸಿದು ಬಿದ್ದೆ. ಪಕ್ಕದ ಸೈಕಲ್ ಅಂಗಡಿಯವನು ಮನೆಗೆ ತಂದು ಬಿಟ್ಟ. ಮರುದಿನವೇ ಅವಳು ಹೂವಿನ ಬುಟ್ಟಿ ವಾಪಸ್ ಕಳಿಸುವಾಗ ಅದರ ಜೊತೆ ಅಪ್ಪನಿಗೊಂದು ಚೀಟಿ ಕಳಿಸಿದಳು.

ಎರಡನೆಯ ದಿನ ಮಾವ ಬಂದರು.

ನನ್ನ ಮಾವನೂ ಅದೇ ಕಸುಬಿನವರು. ನನಗೆ ಕತ್ತಿ ಹಿಡಿಯಲು ಕಲಿಸಿದವರೂ ಅವರೇ. ಅರವತ್ತರ ಹತ್ತಿರದ ಗಟ್ಟಿ ಆಳು. ಮುಖದ ತುಂಬ ಬಿಳಿಯ ಮೀಸೆ, ತುದಿಗಳು ಎರಡೂ ಕಡೆ ಗಲ್ಲದ ಮೇಲೆ ಸುರುಳಿ ಸುತ್ತಿಕೊಂಡಿದ್ದವು. ಹಡಗಲಿಯಲ್ಲಿ ಅವರನ್ನು ಹೆಸರು ಹಿಡಿದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮೀಸೆ ಎಂದರೆ ಮನೆಯ ತನಕ ತಂದು ಬಿಡುತ್ತಿದ್ದರು. ಬಗಲಲ್ಲಿ ತಮ್ಮ ಹತಾರದ ಪೆಟ್ಟಿಗೆ ಇಟ್ಟುಕೊಂಡು ಬೆಳಗಿನ ಏಳಕ್ಕೇ ನನ್ನ ಅಂಗಡಿಗೆ ಬಂದರು. ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದಾರೆ, ಈಗ ಬೈಗುಳ ಸುರುವಾಗುತ್ತದೆ ಎಂದು ನಾನು ಗೋಡೆಗೆ ಒತ್ತಿ ನಿಂತೆ. ಅವರು ಪೆಟ್ಟಿಗೆ ಕೆಳಗಿಟ್ಟು, ಕುರ್ಚಿಯ ಮೇಲೆ ಕೂತು, ತಲೆ ಹಿಂದಕ್ಕೆ ಒರಗಿಸಿದರು.

“ದಾಡಿ ಮಾಡು.”

“ಈಗ ಬ್ಯಾಡ್ರಿ ಮಾವಾ. ಹತ್ತರ ಮ್ಯಾಲೆ ಮಾಡ್ತೀನಿ.”

“ಯಾಕ? ಹತ್ತರತನ ಕತ್ತಿ ಮಲಗಿರ್ತೈತೇನು?”

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವರು ಎದ್ದು ಬಂದು ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ಅವರ ಹಿಡಿತದ ಒಳಗೂ ನನ್ನ ಕೈ ಕುಣಿಯುತ್ತಲೇ ಇತ್ತು. ಬಹಳ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ನನ್ನ ಕಣ್ಣ ರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆಳೆದು ನೋಡಿದರು.

“ಅಂಗಡಿ ಬಾಗಲಾ ಹಾಕು. ನಡಿ, ಡಾಕ್ಟರ್ ಕಡೆ ಹೋಗೂಣು.”

ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಡಾಕ್ಟರ್ ಇದ್ದರು. ಸಣ್ಣ ಆಸ್ಪತ್ರೆ, ನಾಲ್ಕೇ ಮಂಚ. ಅವರು ನನ್ನ ಹೊಟ್ಟೆಯ ಬಲಗಡೆ ಪಕ್ಕೆಯ ಕೆಳಗೆ ಒತ್ತಿದಾಗ ನಾನು ಕಿರುಚಿದೆ. ಲಿವರ್ ಬಾತಿದೆ, ಇನ್ನೂ ಕಲ್ಲಾಗಿಲ್ಲ, ಈಗ ನಿಲ್ಲಿಸಿದರೆ ಬಹುಶಃ ಸುಧಾರಿಸುತ್ತದೆ ಎಂದರು. ಮಾವ ಕೂಡಲೇ, “ನಿಲ್ಲಿಸ್ತೀನಿ ಬಿಡ್ರಿ. ಮನ್ಯಾಗ ಕೋಣಿಗೆ ಹಾಕಿ ಕೀಲಿ ಹಾಕ್ತೀನಿ” ಎಂದರು.

“ಅಂಥ ಕೆಲಸ ಮಾತ್ರ ಮಾಡಬ್ಯಾಡ್ರಿ ಯಜಮಾನ್ರೇ” ಎಂದರು ಡಾಕ್ಟರ್. “ಇಷ್ಟು ವರ್ಷ ಕುಡಿದ ಮೈ. ಒಮ್ಮಿಗೇ ನಿಲ್ಸಿದ್ರ ಫಿಟ್ಸ್ ಬರಬಹುದು, ಜೀವಕ್ಕ ಅಪಾಯ. ಇಲ್ಲೇ ಇರ್ಲಿ. ಔಷಧ ಕೊಟ್ಟು ನಾನು ನಿಲ್ಲಿಸ್ತೀನಿ.”

ಎಂಟು ದಿನ ಅಲ್ಲಿದ್ದೆ. ಗುಳಿಗೆ, ಸೂಜಿ, ಸಲೈನ್. ಮೂರನೆಯ ದಿನ ನನ್ನ ಹೊದಿಕೆಯ ಮೇಲೆಲ್ಲ ಕೆಂಪಿರುವೆ ಹತ್ತಿದವು. ಅವು ಸಾಲುಗಟ್ಟಿ ತೋಳಿನ ಕಡೆ ಬರುತ್ತಿದ್ದವು. ಮೈಯೆಲ್ಲ ಬೆವರಿ, “ಮಾವಾ, ಇರುವಿ, ಇರುವಿ” ಎಂದು ಕೂಗಿದೆ. ಮಾವ ಹೊದಿಕೆಯನ್ನು ಬಾಗಿಲ ಹೊರಗೆ ಒಯ್ದು ಕೊಡವಿ, ಮತ್ತೆ ಹೊದಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದವು. ಮತ್ತೆ ಕೊಡವಿದರು. ಒಂದು ಸಲವೂ ಇರುವೆ ಎಲ್ಲಿದೆಯೋ ಎಂದು ಕೇಳಲಿಲ್ಲ. ಡಾಕ್ಟರ್ ಬಂದು ಔಷಧ ಹೆಚ್ಚಿಸಿದರು, ನಿದ್ದೆ ಬಂತು. ಎಷ್ಟೋ ದಿನದ ಮೇಲೆ ಅದರ ಬಗ್ಗೆ ಕೇಳಿದಾಗ ಮಾವ, “ಒಂದೂ ಇರಲಿಲ್ಲ. ಆದ್ರ ನಿನಗ ಕಡೀತಿದ್ವಲ್ಲ” ಎಂದಿದ್ದರು.

ಆರನೆಯ ದಿನ ಹಸಿವಾಯಿತು. ಅದು ಹಸಿವು ಎಂದು ಗುರುತು ಹಿಡಿಯುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ಹೆಂಡತಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಕಟ್ಟಿಕೊಂಡು ಬಂದಿದ್ದಳು. ಒಂದು ತಿಂದೆ, ಎರಡು ತಿಂದೆ. “ಇನ್ನೊಂದು ಐತೇನು?” ಎಂದೆ. ಅವಳು ಬುತ್ತಿ ಬಿಚ್ಚುವ ನೆಪದಲ್ಲಿ ಗೋಡೆಯ ಕಡೆ ತಿರುಗಿದಳು. ಗಂಟು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡಳು.

ಊರಿಗೆ ಬಂದ ಮೇಲೂ ಕೈಯ ನಡುಕ ಪೂರ್ತಿ ನಿಂತಿರಲಿಲ್ಲ. ಮೊದಲಿನಷ್ಟು ಕುಣಿತ ಇರಲಿಲ್ಲ, ಗಾಳಿಗೆ ಎಲೆ ಅಲುಗಿದಷ್ಟು. ನಾನು ಕತ್ತಿ ಮುಟ್ಟುವುದಿಲ್ಲ ಎಂದುಬಿಟ್ಟೆ. ಮಾವ ತಾವೇ ನನ್ನ ಅಂಗಡಿಯಲ್ಲಿ ನಿಂತರು. ನಾನು ಕೂದಲು ಗುಡಿಸುವುದು, ನೀರು ಚಿಮುಕಿಸುವುದು, ನೊರೆ ಹಚ್ಚುವುದು ಮಾಡುತ್ತಿದ್ದೆ. ನಡುಗುವ ಕೈಗೆ ನೊರೆ ಬಹಳ ಚೆನ್ನಾಗಿ ಬರುತ್ತದೆ, ಬ್ರಷ್ ತಾನೇ ಆಡುತ್ತದೆ. ಗಿರಾಕಿಗಳು ಹೊಗಳಿದರು.

ನಾಲ್ಕು ದಿನ ಕಳೆದವು. ಐದನೆಯ ದಿನ ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಮಾವ ಕುರ್ಚಿಯಲ್ಲಿ ಕೂತರು.

“ಅವತ್ತು ಹೇಳಿದ್ದು ಬಾಕಿ ಐತಿ. ದಾಡಿ ಮಾಡು.”

“ಕೈ ಇನ್ನೂ ನಡಗತೈತ್ರಿ.”

“ನಡಗ್ಲಿ. ಊರ ಮಂದಿ ಗಲ್ಲ ಯಾಕ ಕೊಯ್ತಿ, ನಂದು ಕೊಯ್ಯಿ.”

ಆ ದಿನ ಒಂದು ದಾಡಿಗೆ ಅರ್ಧ ಗಂಟೆ ಹಿಡಿಯಿತು. ಮಾವನ ಬಿಳಿ ದಾಡಿ ತಂತಿಯಂತೆ ಒರಟು. ಏಳು ಕಡೆ ಕೊಯ್ದೆ. ಅವರು ಒಮ್ಮೆಯೂ ಹುಬ್ಬು ಗಂಟಿಕ್ಕಲಿಲ್ಲ. ಪಟಿಕದ ಕಲ್ಲು ಉಜ್ಜಿದೆ. ರಕ್ತ ನಿಲ್ಲದ ಕಡೆ ಪೇಪರ್ ಚೂರು ಹರಿದು ಅಂಟಿಸಿದೆ. ಮುಖದ ತುಂಬ ಚೂರು ಅಂಟಿಸಿಕೊಂಡು ಮಾವ ನೇರ ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋದರು. ನಾನು ನಾಚಿಕೆಯಿಂದ ಒಳಗೇ ಇದ್ದೆ. ಅವರ ಮಾತು ಮಾತ್ರ ರಸ್ತೆ ದಾಟಿ ಕೇಳುತ್ತಿತ್ತು.

“ಏನ್ರಿ ಯಜಮಾನ್ರೇ, ಬೆಕ್ಕು ಪರಚಿತೇನು?”

“ಇಲ್ಲಪ್ಪ. ಅಳಿಯ ದಾಡಿ ಮಾಡ್ಯಾನ.”

“ಹಿಂಗ ಮಾಡ್ಯಾನೇನ್ರಿ?”

“ಇವತ್ತು ಹಿಂಗ. ನಾಳೆ ಬಂದು ನೋಡು.”

ಜನ ನಿಜವಾಗಿಯೂ ಬಂದು ನೋಡತೊಡಗಿದರು. ಹೋಟೆಲಿನಲ್ಲಿ ಮಾವನ ಮುಖದ ಚೂರುಗಳನ್ನು ಎಣಿಸುವುದು ಬೆಳಗಿನ ಕೆಲಸವಾಯಿತು. ಆರು. ಐದು. ಮತ್ತೆ ಆರು. ಒಂದು ದಿನ ಮೂರಕ್ಕಿಳಿದಾಗ ಹೋಟೆಲ್ ಮಾಲೀಕರು ನನಗೂ ಒಂದು ಚಹಾ ಕಳಿಸಿದರು. ಮೂರು ವಾರವಾದರೂ ಗಂಡ ಬರಲಿಲ್ಲವೆಂದು ನೋಡಲು ಬಂದ ಅತ್ತೆ ಬಸ್ಸಿಳಿದು, ಅಂಗಡಿಯ ಮುಂದೆ ನಿಂತು, ಗಂಡನ ಮುಖ ನೋಡಿ ಬಾಯಿ ಮೇಲೆ ಸೆರಗು ಇಟ್ಟುಕೊಂಡರು.

“ಮಗಳ ಸಂಸಾರ ನೆಟ್ಟಗ ಮಾಡ್ತೀನಿ ಅಂತ ಬಂದು ನಿಮ್ಮ ಮಾರಿ ಏನು ಮಾಡ್ಕಂಡೀರಿ? ಹಲಸಿನಹಣ್ಣು ಆಗೈತಲ್ರಿ!”

“ನಿನಗೇನು ಗೊತ್ತೈತಿ, ಸುಮ್ನಿರು. ಮೊನ್ನಿಗಿಂತ ಭಾಳ ಚಲೋ ಐತಿ” ಎಂದರು ಮಾವ. ಅತ್ತೆಯೂ ನಮ್ಮಲ್ಲೇ ಉಳಿದರು.

ಕಷ್ಟದ ಹೊತ್ತೆಂದರೆ ಸಂಜೆ ನಾಲ್ಕರಿಂದ ಆರು. ಗಂಟಲು ಒಣಗುತ್ತಿತ್ತು, ಕಾರಣವಿಲ್ಲದೆ ಸಿಟ್ಟು ಬರುತ್ತಿತ್ತು. ಆಗ ಏನಾದರೂ ತಿನ್ನಲು ಹೇಳಿದ್ದರು ಡಾಕ್ಟರ್. ನಾನು ಮಂಡಕ್ಕಿ, ಬಿಸಿ ಮಿರ್ಚಿ ಹಿಡಿದು ಕೂರುತ್ತಿದ್ದೆ. ಸಿಹಿಯ ಆಸೆಯೂ ಹುಚ್ಚಿನಂತೆ ಹತ್ತಿತು. ಅಂಗಡಿಯಲ್ಲಿ ಬೆಲ್ಲದ ಡಬ್ಬಿ ಇಟ್ಟುಕೊಂಡಿದ್ದೆ. ಮಿರ್ಚಿ ಕಚ್ಚುವುದು, ಬೆಲ್ಲ ಕಚ್ಚುವುದು. ಕಳೆದುಹೋಗಿದ್ದ ಮೈ ತಿರುಗಿ ಬಂತು, ಅಂಗಿಯ ಗುಂಡಿ ಹಾಕಲು ಕಷ್ಟವಾಯಿತು.

ಇಷ್ಟೆಲ್ಲ ಹೇಳಿ, ನಡುವೆ ಆದದ್ದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಕೂಡ್ಲಿಗಿಯಲ್ಲಿ ನಮ್ಮ ಬಳಗದಲ್ಲೊಂದು ತೊಟ್ಟಿಲು ಕಾರ್ಯ ಇತ್ತು. ನಾನೊಬ್ಬನೇ ಹೋಗಿದ್ದೆ. ಊಟದ ಮೇಲೆ ಹಳೆಯ ಗೆಳೆಯನೊಬ್ಬ ಮನೆಯ ಹಿಂದೆ ಕರೆದ. “ಒಂದಕ್ಕ ಏನಾಗತೈತಿ? ಔಷಧ ತಗಂಡು ಎಲ್ಲಾ ತೊಳದು ಬಂದೀಯಲ್ಲ” ಎಂದ. ನನಗೂ ಅದು ನ್ಯಾಯ ಎನ್ನಿಸಿತು. ಒಂದು ಎರಡಾಯಿತು. ಅಲ್ಲೇ ಮಲಗಿ ಮರುದಿನ ಮೊದಲ ಬಸ್ಸಿಗೆ ಕೊಟ್ಟೂರಿಗೆ ಬಂದು ನೇರ ಅಂಗಡಿಗೆ ಹೋದೆ. ಮಾವ ಬಟ್ಟೆ ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ನಾನು ನೊರೆ ಹಚ್ಚಲು ಬಗ್ಗಿದಾಗ ಅವರ ಮೂಗಿನ ಹೊರಳೆಗಳು ಅಗಲವಾದವು.

“ಕುಡ್ದಿಯೇನು?”

“ಹ್ಞೂಂ ಮಾವಾ.”

“ಎಷ್ಟು?”

“ಎರಡು.”

ಅವರು ಏಳಲಿಲ್ಲ. ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು. “ಮಾಡು” ಎಂದರು.

ನನ್ನ ಕೈ ಹೆದರಿಕೆಗೋ, ಕುಡಿತಕ್ಕೋ, ಎರಡಕ್ಕೂ ಸೇರಿಯೋ ಹತೋಟಿ ತಪ್ಪಿತ್ತು. ಎಡಗಲ್ಲದಿಂದ ಮೇಲಕ್ಕೆ ಬಂದ ಕತ್ತಿ ಮೀಸೆಯ ಅಂಚಿಗೆ ನಿಲ್ಲದೆ ಒಳಗೆ ನುಗ್ಗಿತು. ಸುರುಳಿ ಸುತ್ತಿದ ಎಡ ತುದಿ ಹಾಗೇ ಮಾವನ ಎದೆಯ ಮೇಲಿನ ಬಟ್ಟೆಗೆ ಬಿತ್ತು. ಒಂದು ಗೇಣು ಬಿಳಿಯ ಕೂದಲು. ಉಳಿದದ್ದನ್ನು ಸರಿ ಮಾಡಲು ಹೋದೆ, ಮೂಗಿನ ತನಕ ಹೋಯಿತು.

“ಸಾಕು, ನಿಲ್ಸು!” ಎಂದು ಮಾವ ಎದ್ದು ಕನ್ನಡಿ ನೋಡಿದರು.

ನಾನು ಕತ್ತಿ ಇಟ್ಟು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವರು ನನ್ನ ಮದುವೆಗೂ ಮುಂಚಿನಿಂದ, ನನಗೆ ತಿಳಿವಳಿಕೆ ಬಂದಾಗಿನಿಂದ ಇಟ್ಟುಕೊಂಡಿದ್ದ ಮೀಸೆ ಅದು. ಕಾಲು ಹಿಡಿಯಲು ಹೋದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

“ವಾಸನಿ ಬಂತಲ್ಲ ಮಾವಾ, ಗೊತ್ತಾದ ಮ್ಯಾಲೆ ಯಾಕ ಕುಂತ್ರಿ?” ಎಂದೆ.

“ಬೈದ್ರ ನಿನಗ ಕೇಳಂಗಿಲ್ಲ, ವರ್ಷಗಟ್ಲೆ ನನ್ನ ಮಗಳು ಬೈದಾಳ. ಕಣ್ಣಿಗೆ ಕಾಣ್ಲಿ ಅಂತ ಕುಂತೆ.” ಬೋಳಾದ ಕಡೆ ಸವರಿಕೊಂಡು, “ಇಷ್ಟು ಕಾಣಸ್ತಿ ಅಂತ ನನಗ ಗೊತ್ತಿರಲಿಲ್ಲ” ಎಂದರು.

ಉಳಿದ ಅರ್ಧವನ್ನು ಅವರೇ ತಮ್ಮ ಕತ್ತಿಯಿಂದ ತೆಗೆದುಕೊಂಡರು. ಮನೆಗೆ ಹೋದಾಗ ಅತ್ತೆ ಬಾಗಿಲಲ್ಲಿ ನಿಂತು, ಯಾರೋ ಪರವೂರಿನವರೆಂದು ತಿಳಿದು, “ಯಾರು ಬೇಕಾಗಿತ್ರಿ?” ಎಂದುಬಿಟ್ಟರು. ಗುರುತು ಹತ್ತಿದ ಮೇಲೆ ನಗು ತಡೆಯಲಾಗಲಿಲ್ಲ. “ಲಗ್ನ ಆಗಿ ಇಷ್ಟು ವರ್ಷ ಆತು, ಇವ್ರಿಗೆ ಮ್ಯಾಲಿನ ತುಟಿ ಐತಿ ಅಂತ ಇವತ್ತು ಗೊತ್ತಾತು ನನಗ” ಎಂದು ಕಂಬ ಹಿಡಿದು ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಅವಳು ನಕ್ಕದ್ದನ್ನು ನೋಡಿ ಮಾವನೂ ತಮ್ಮ ಬೋಳು ತುಟಿ ಸವರಿಕೊಳ್ಳುತ್ತ ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು:

“ಈ ಮಾರಿ ತಗಂಡು ನಾನು ಹಡಗಲಿಗೆ ಹೋಗಂಗಿಲ್ಲ. ಮೀಸಿ ಬರೋತನ ಇಲ್ಲೇ.”

ಹಾಗಾಗಿ ಇನ್ನೊಂದು ವಾರಕ್ಕೆ ಹೊರಡಬೇಕೆಂದಿದ್ದ ಮಾವ ಮತ್ತೆ ನಾಲ್ಕು ತಿಂಗಳು ಉಳಿದರು. ಅವರ ಮೀಸೆಗೆ ಬೇಕಾದಷ್ಟು ಕಾಲವೇ ನನ್ನ ಮೈಗೂ ಬೇಕಾಗಿತ್ತು ಎಂದು ಈಗ ಅನಿಸುತ್ತದೆ. ಮರುದಿನವೇ ಡಾಕ್ಟರ್ ಹತ್ತಿರ ಹೋಗಿ ಆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಹೀಗೆ ಜಾರುವುದು ಬಹಳ ಜನರಿಗೆ ಆಗುತ್ತದೆ, ಜಾರಿದವನು ಎದ್ದು ನನ್ನ ಹತ್ತಿರ ಬಂದದ್ದೇ ದೊಡ್ಡದು ಎಂದರು. “ಆದ್ರ ಒಂದು ತಿಳ್ಕೊ. ನಿನಗ ಒಂದು ಅನ್ನೋದು ಇಲ್ಲ. ಒಂದೂ ಇಲ್ಲ” ಎಂದರು. ಅಲ್ಲಿಂದ ಮುಂದೆ ಒಂದೂ ಇಲ್ಲ.

ಕೈ ಯಾವ ದಿನ ನಿಂತಿತೋ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಮಾವನ ದಾಡಿ ಮುಗಿಸಿ, ಬಟ್ಟೆ ಕೊಡವಿ, ಪೇಪರ್ ಚೂರು ಹರಿಯಲು ಕೈ ಹಾಕಿದೆ. ಅಂಟಿಸಲು ಎಲ್ಲೂ ಜಾಗವಿರಲಿಲ್ಲ. ಮಾವ ಕೈಯ ಹಿಂಭಾಗದಿಂದ ಗಲ್ಲ, ಗದ್ದ, ಕುತ್ತಿಗೆ ಎಲ್ಲ ಸವರಿಕೊಂಡು ನೋಡಿದರು. ಹೊಗಳುತ್ತಾರೆ ಎಂದು ಕಾದೆ.

“ಗದ್ದದ ಕೆಳಗ ಎರಡು ಕೂದಲು ಉಳದಾವ. ಮುಂದಿನ ಸಲ ನೋಡ್ಕಂಡು ಮಾಡು” ಎಂದರು.

ಕಸುಬಿನವನು ಕಸುಬಿನವನಿಗೆ ಹೇಳುವ ಮಾತು ಅದು. ಎಷ್ಟೋ ವರ್ಷದಿಂದ ನನ್ನನ್ನು ಯಾರೂ ಹಾಗೆ ತಿದ್ದಿರಲಿಲ್ಲ. ನನಗೆ ಆದ ಸಂತೋಷವನ್ನು ಹೇಳಲಾರೆ.

ಎಲ್ಲವೂ ಮೊದಲಿನಂತೆ ಆಯಿತು ಎನ್ನಲಾರೆ. ಅಂಗಾಲಿನ ಉರಿ ಹೋಯಿತು, ಆದರೆ ಕಾಲ್ಬೆರಳುಗಳಲ್ಲಿ ಸ್ಪರ್ಶ ಪೂರ್ತಿ ಬರಲಿಲ್ಲ. ಚಪ್ಪಲಿ ಕಾಲಿನಿಂದ ಜಾರಿದರೆ ಗೊತ್ತಾಗದೆ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತೇನೆ, ಹಿಂದಿನಿಂದ ಬರುವವರು ಕರೆದು ಹೇಳುತ್ತಾರೆ. ಕೆಲವು ವರ್ಷಗಳ ನೆನಪು ಹರಿದ ಕ್ಯಾಲೆಂಡರಿನಂತೆ ಇದೆ, ಮಗಳ ಮೊದಲ ಮಾತು ಯಾವುದಿತ್ತೆಂದು ನಾನು ಹೆಂಡತಿಯನ್ನು ಕೇಳಬೇಕು. ಅವಳು ಹೇಳುತ್ತಾಳೆ.

ಆ ವರ್ಷದ ದೀಪಾವಳಿಗೆ ನಾವು ಹಡಗಲಿಗೆ ಹೋದೆವು. ಅಷ್ಟು ಹೊತ್ತಿಗೆ ಮಾವ ಹೊಸ ಮೀಸೆಯೊಡನೆ ಊರು ಸೇರಿ ಎರಡು ವಾರ ಆಗಿತ್ತು. ಕುಡಿತ ಸುರುವಾದ ಮೇಲೆ ನಾನು ಮಾವನ ಮನೆಯ ಹಬ್ಬಕ್ಕೆ ಹೋಗುವುದನ್ನೇ ಬಿಟ್ಟಿದ್ದೆ. ಬೀದಿಯ ತಿರುವಿನಲ್ಲಿ ಹೆಂಡತಿಯನ್ನು ಮುಂದೆ ಬಿಟ್ಟು ಹಿಂದೆ ಉಳಿದೆ. ಹೋಗಿ ನೋಡಿದರೆ ಮನೆಯ ಮುಂದಿನ ಕಟ್ಟೆಯ ಮೇಲೆ ಓಣಿಯ ಗಂಡಸರು ಸಾಲಾಗಿ ಕೂತಿದ್ದಾರೆ, ಒಬ್ಬರ ಮುಖದ ಮೇಲೂ ವಾರದಿಂದ ಕತ್ತಿ ಆಡಿಲ್ಲ. ಮಾವ ನಡುವೆ ನಿಂತು ನನ್ನನ್ನು ನೋಡಿ ಹೇಳಿದರು:

“ಹಬ್ಬಕ್ಕ ನನ್ನ ಅಳಿಯ ಬರ್ತಾನ, ಅವನ ಕಡೇನ ಮಾಡಿಸ್ಕಳ್ರಿ, ನಾನು ಮುಟ್ಟಂಗಿಲ್ಲ ಅಂತ ಇವ್ರಿಗೆಲ್ಲ ಹೇಳೀನಿ. ಬಾರಪ್ಪ, ನೀರು ಕಾಯ್ದಾವ.”

ಚೀಲ ಹೆಂಡತಿಯ ಕೈಗೆ ಕೊಟ್ಟು, ತೋಳು ಮಡಿಸಿ, ಮಾವನ ಪೆಟ್ಟಿಗೆ ತೆರೆದೆ. ಅಂಗಳದಲ್ಲಿ ಹಾಕಿದ್ದ ಕುರ್ಚಿಯಲ್ಲಿ ಮೊದಲು ಕೂತವರು ಮಾವನ ದೊಡ್ಡ ಅಣ್ಣ. ನನ್ನ ಕತೆಯೆಲ್ಲ ಕೇಳಿದ್ದವರು, ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಅರ್ಧ ಗಲ್ಲ ಮುಗಿಯುವಷ್ಟರಲ್ಲಿ ಹಿಡಿತ ಸಡಿಲವಾಯಿತು, ಇನ್ನರ್ಧಕ್ಕೆ ಬರುವಷ್ಟರಲ್ಲಿ ಸಣ್ಣಗೆ ಗೊರಕೆ ಕೇಳಿತು. ಕಟ್ಟೆಯ ಮೇಲಿನವರು ನಂದು ಮೊದಲು, ನಂದು ಮೊದಲು ಎಂದು ಸರತಿಗೆ ಜಗಳ ತೆಗೆದರು. ಹನ್ನೊಂದನೆಯವರಿಗೆ ನೊರೆ ಹಚ್ಚಿ ಒಂದು ಕಡೆ ಮುಗಿಸಿದ್ದೆ, ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಕೂಗು ಬಂತು:

“ಎಷ್ಟೊತ್ತು ಮಾಡ್ತೀರಿ? ಹೋಳಿಗಿ ಆರಿ ಹೊಂಟಾವ!”

“ಬಂದ್ವಿ ಬಂದ್ವಿ” ಎಂದರು ಮಾವ. ಕುರ್ಚಿಯಲ್ಲಿದ್ದವರು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡರು. “ಹೋಗಬ್ಯಾಡಪ್ಪ, ನಂದು ಇನ್ನೊಂದು ಗಲ್ಲ ಐತಿ” ಎಂದರು.